ಸಹಾಯ ಬೇಕು: ತೋಟದ ಪಿಕಪ್‌ಗೆ ಯಾವ ಲೋಡ್ ರೇಟಿಂಗ್ ಟೈರ್?

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ಗಾಡಿ ಇಸುಜು ವಿ-ಕ್ರಾಸ್, ಟೈರ್ 245/70 ಆರ್16. ಮಳೆ ಹಿಡಿಯೋ ಮೊದಲು ನಾಲ್ಕೂ ಬದಲಾಯಿಸಬೇಕು. ಆಲ್ ಟೆರೇನ್ (ಡಾಂಬರು, ಮಣ್ಣು ಎರಡಕ್ಕೂ ಆಗೋ ಟೈರ್) ಅಂತೂ ಬೇಕೇ ಬೇಕು. ಈಗಿನ ಟೈರ್‌ಗಳ ಬಟನ್ (ಮೇಲಿನ ಉಬ್ಬು) ನಡುವೆ ಕೆಮ್ಮಣ್ಣು ತುಂಬಿಕೊಂಡು ನುಣ್ಣಗಾಗುತ್ತೆ, ಏರಿನಲ್ಲಿ ಖಾಲಿ ಗಾಡಿಯ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತೆ.

ಸ್ನೇಹಿತರ 265/70 ಆರ್16 ಮುಂದೆ ಹಾಕಿ ನೋಡಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮಡ್‌ಫ್ಲಾಪ್‌ಗೆ ಉಜ್ಜುತ್ತೆ. ಗಾಡಿ ಎತ್ತರವಾಗೋದು ಬರೀ 14 ಮಿ.ಮೀ. ಅಷ್ಟಕ್ಕೆ ಯಾಕೆ ಅಲ್ವಾ, ಹಳೇ ಸೈಜೇ ಇರಲಿ.

ಗೊಂದಲ ಇರೋದು ಲೋಡ್ ರೇಟಿಂಗ್‌ನಲ್ಲಿ. ಚಿಕ್ಕಮಗಳೂರಿನ ಅಂಗಡಿಯವರು ಲೋಡ್ ಇಂಡೆಕ್ಸ್ 111 ಸಾಕು ಅಂತಾರೆ, ಅಂದರೆ ಟೈರಿಗೆ 1090 ಕೆ.ಜಿ. ಹಾಸನದವರು ಎಲ್‌ಟಿ (ಲೈಟ್ ಟ್ರಕ್, ಭಾರ ಹೊರೋ ಗಾಡಿಗಳ ಗಟ್ಟಿ ಟೈರ್) 118/115 ಹಾಕಿಸಿ, 1320 ಕೆ.ಜಿ. ಹೊರುತ್ತೆ ಅಂತಾರೆ. ಆದರೆ ಆ 1320 ಸಿಗೋದು 80 ಪಿಎಸ್‌ಐ ಗಾಳಿ ಇದ್ದಾಗ. ಅಷ್ಟು ತುಂಬಿದರೆ ಖಾಲಿ ಗಾಡಿ ಕುಣಿಯುತ್ತೆ, ಕೆಸರಿನಲ್ಲಿ ಹಿಡಿತವೂ ಹೋಗುತ್ತೆ. ಕೊಯ್ಲಿನಲ್ಲಿ ಕಾಫಿ ಮೂಟೆ ಹೇರಿಕೊಂಡು ಕ್ಯೂರಿಂಗ್‌ಗೆ (ಕಾಫಿ ಸಿಪ್ಪೆ ತೆಗೆದು ಬೀಜ ವಿಂಗಡಿಸೋ ಕಡೆಗೆ) ಹೋಗಬೇಕು, ಉಳಿದಂತೆ ಖಾಲಿ ಓಡಾಟವೇ ಜಾಸ್ತಿ.

ಈ ಬಳಕೆಗೆ 111 ಸಾಕಾ, ಎಲ್‌ಟಿಯೇ ಬೇಕಾ? ಇದೇ ಸೈಜಿನ ಎಲ್‌ಟಿ ಹಾಕಿಸಿದವರು ಲೋಡ್ ಇದ್ದಾಗ, ಖಾಲಿ ಇದ್ದಾಗ ಹಿಂದಿನ ಟೈರಿಗೆ ಎಷ್ಟೆಷ್ಟು ಗಾಳಿ ಇಡ್ತೀರಿ? ದಯವಿಟ್ಟು ತಿಳಿಸಿ.