ಬ್ಯಾಟು ಅಲ್ಲೇ ಇತ್ತು

ರಘು, ನ್ಯೂಜೆರ್ಸಿ: ಅನನ್ಯಾಳ ನಿನ್ನೆಯ ಸಾಫ್ಟ್‌ಬಾಲ್ (ಬೇಸ್‌ಬಾಲಿನಂಥದೇ ಆಟ) ಪಂದ್ಯದ ವಿಡಿಯೊ ಹಾಕಿದ್ದೇನೆ, ನೋಡಿ. ಬಂಟ್ ಮಾಡಲು ಬ್ಯಾಟು ಅಡ್ಡ ಹಿಡಿದಿದ್ದಾಳೆ. ಚೆಂಡು ಮೊಣಕಾಲಿಗಿಂತ ಕೆಳಗೆ ಹೋಯಿತು. ಬ್ಯಾಟು ಕದಲಲೇ ಇಲ್ಲ. ಆದರೂ ಸ್ಟ್ರೈಕ್! ಇದು ಯಾವ ನ್ಯಾಯ?

ಸುಮಾ ಅತ್ತೆ: ಬಂಟ್ ಎಂದರೇನೋ? ಸ್ಟ್ರೈಕ್ ಎಂದರೇನೋ?

ರಘು: ಬೀಸದೆ, ಬೇಕೆಂದೇ ಬ್ಯಾಟಿಗೆ ತಾಗಿಸಿ ಚೆಂಡನ್ನು ಹತ್ತಿರದಲ್ಲೇ ಉರುಳಿಸುವುದು ಬಂಟ್, ಅತ್ತೆ. ಆಡಲು ಹೋಗಿ ತಪ್ಪಿದರೆ, ಇಲ್ಲವೇ ಹೊಡೆಯಬಲ್ಲ ವಲಯದಲ್ಲಿ ಬಂದ ಚೆಂಡನ್ನು ಬಿಟ್ಟರೆ ಸ್ಟ್ರೈಕ್; ಮೂರಾದರೆ ಔಟ್. ವಲಯದ ಹೊರಗೆ ಹೋದದ್ದನ್ನು ಆಡದೆ ಬಿಟ್ಟರೆ ಅದಕ್ಕೆ ‘ಬಾಲ್’ ಎನ್ನುತ್ತಾರೆ.

ವಾಸು ಮಾವ: ಅಂಪೈರ್ ಸರಿ. ನಾನು 22 ವರ್ಷ ಲೀಗ್ ಪಂದ್ಯಗಳಲ್ಲಿ ಬಿಳಿ ಕೋಟು ಹಾಕಿ ನಿಂತವನು. ಆಫ್ ಸ್ಟಂಪಿನ ಹೊರಗೆ ಪ್ಯಾಡಿಗೆ ಬಡಿದರೆ, ಅವನು ನಿಜವಾಗಿ ಆಡಲು ಹೋದನೇ ಎಂದು ನೋಡಿಯೇ ಎಲ್‌ಬಿಡಬ್ಲ್ಯೂ ಕೊಡಬೇಕು. ಬ್ಯಾಟನ್ನು ಪ್ಯಾಡಿನ ಹಿಂದೆ ಬಚ್ಚಿಟ್ಟುಕೊಂಡು ನಟಿಸುವವರನ್ನು ಎಷ್ಟು ಮಂದಿಯನ್ನು ಕಂಡಿದ್ದೇನೆ!

ರಘು: ಬೇಸ್‌ಬಾಲ್ ಹಾಗಲ್ಲ ಮಾವ. ಬ್ಯಾಟು ಸುಮ್ಮನೆ ಅಡ್ಡ ಇದ್ದ ಮಾತ್ರಕ್ಕೆ ಪ್ರಯತ್ನವಾಗುವುದಿಲ್ಲ. ಚೆಂಡಿನತ್ತ ಚಾಚಿದರೆ ಸ್ಟ್ರೈಕ್. ಆಟಗಾರನ ಹಿಂದೆ ನಿಂತ ಅಂಪೈರ್ ‘ಬಾಲ್’ ಎಂದರೆ, ಅಲ್ಲೇ ಚೆಂಡು ಹಿಡಿಯುವ ಕ್ಯಾಚರ್ ಕೋರಿಕೆಯ ಮೇಲೆ ಬೇಸಿನ ಬಳಿಯ ಅಂಪೈರನ್ನು ಕೇಳಬಹುದು.

ವಾಸು ಮಾವ: ಚೆಂಡು ಮೈಗೆ ಬಡಿದರೆ?

ರಘು: ಆಡಲು ಹೋಗಿ ಬಡಿಸಿಕೊಂಡರೆ ಅದೂ ಸ್ಟ್ರೈಕ್. ಏಟು ತಿಂದದ್ದಕ್ಕೆ ಪುಕ್ಕಟೆಯಾಗಿ ಫಸ್ಟ್ ಬೇಸ್ ಸಿಗುವುದಿಲ್ಲ.

ವಾಸು ಮಾವ: ಭಲೇ! ನಮ್ಮ ಲೆಗ್ ಬೈಗೆ ಆಡಲು ಹೋಗಿರಬೇಕು, ಇಲ್ಲವೇ ತಪ್ಪಿಸಿಕೊಳ್ಳಲು ನೋಡಿರಬೇಕು. ಆಗಲೇ ರನ್. ನಿಮ್ಮಲ್ಲಿ ಆಡಲು ಹೋದದ್ದೇ ತಪ್ಪು.

ರಘು: ಇನ್ನೂ ಕೇಳಿ. ಎರಡು ಸ್ಟ್ರೈಕ್ ಆದ ಮೇಲೆ ಬೀಸಿದ ಹೊಡೆತ ಫೌಲ್ ಆದರೆ, ಅಂದರೆ ಗೆರೆಯಾಚೆ ಹೋದರೆ, ಆಟಗಾರ ಬದುಕುತ್ತಾನೆ, ಬಂಟ್ ಫೌಲ್ ಆದರೆ ಔಟ್. ಮೊದಲು ಬೇಕೆಂದೇ ಫೌಲ್ ಬಂಟ್ ಮಾಡಿ ಮಾಡಿ ಚೆಂಡೆಸೆಯುವ ಪಿಚರನ್ನು ದಣಿಸುತ್ತಿದ್ದರು. 1894ರಲ್ಲಿ ಅದನ್ನು ಸ್ಟ್ರೈಕ್ ಎಂದು ಎಣಿಸತೊಡಗಿದರು. ಹಾಗಾಗಿ ಬಂಟೋ ಬೀಸೋ ಎಂಬುದನ್ನು ಅಂಪೈರ್ ತೂಗಲೇಬೇಕು. ಇವಳು ಎರಡನ್ನೂ ಮಾಡಲಿಲ್ಲವಲ್ಲ!

ಅನನ್ಯಾ: ಅಪ್ಪಾ, ನೀವು ಹೇಳುತ್ತಿರುವುದು ಬೇಸ್‌ಬಾಲ್ ನಿಯಮ. ನಮ್ಮ ಹೈಸ್ಕೂಲ್ ಸಾಫ್ಟ್‌ಬಾಲ್‌ನಲ್ಲಿ ಸ್ಟ್ರೈಕ್ ವಲಯದಲ್ಲಿ ಬ್ಯಾಟು ಹಿಡಿದುಕೊಂಡೇ ಇದ್ದರೆ ಅದೇ ಬಂಟ್ ಪ್ರಯತ್ನ. ಬೇಡವಾದರೆ ಹಿಂದಕ್ಕೆ ಎಳೆದುಕೊಳ್ಳಬೇಕು. ನಾನು ಎಳೆದುಕೊಳ್ಳಲಿಲ್ಲ. ಕೋಚ್ ಆಗಲೇ ಬೈದಾಯಿತು.

ವಾಸು ಮಾವ: ನಾನು ಹೇಳಿದ್ದೇನು!

ರಘು: ನೀವು ಹೇಳಿದ್ದು ಎಲ್‌ಬಿಡಬ್ಲ್ಯೂ, ಮಾವ.

ಅನನ್ಯಾ: ತಾತ ಗೆದ್ದರು.

ಸುಮಾ ಅತ್ತೆ: ವಿಡಿಯೊದಲ್ಲಿ ಮಗುವಿನ ಹೆಬ್ಬೆರಳಿಗೆ ಪಟ್ಟಿ ಕಟ್ಟಿದೆ. ಅದೇನೆಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ.