ಬಸ್ಕಿ ಹೊಡದ್ರ ಮೊಣಕಾಲ ನೋವು, ಸಹಾಯ ಬೇಕ್ರಿ

ನಮಸ್ಕಾರ್ರಿ, ವಿಜಯಪುರದಿಂದ. ವಯಸ್ಸು 46, ದಿನಾ ಎಂಟು ತಾಸು ಕುರ್ಚಿ ಕೆಲಸ. ಗೋಳಗುಮ್ಮಟದ ಕಡೆ 30 ನಿಮಿಷ ನಡದ್ರ ಏನೂ ತ್ರಾಸಿಲ್ಲ. ಬಸ್ಕಿ 20 ದಾಟಿದ್ರ ಮೊಣಕಾಲ ಚಿಪ್ಪಿನ ಹಿಂದ ನೋವು. ಮೆಟ್ಟಲ ಇಳಿಯೂವಾಗ ಜಾಸ್ತಿ. ಬಾವಿಲ್ಲ, ಕಾಲು ಸಿಕ್ಕೊಳ್ಳೂದಿಲ್ಲ.

ಈಗ ಮಾಡೂದು ಇಷ್ಟ: ಪೂರಾ ಕೂಡೂದು ಬಿಟ್ಟು ಕುರ್ಚಿ ಎತ್ತರಕ್ಕಷ್ಟ ಇಳಿದು ಏಳೂದು, 10ರಂಗ ಮೂರು ಸರ್ತಿ, ದಿನಾ ಬಿಟ್ಟು ದಿನಾ. ಗ್ವಾಡಿಗೆ ಬೆನ್ನ ಹಚ್ಚಿ 30 ಸೆಕೆಂಡ್ ಕೂಡೂದು. ಎರಡು ವಾರದಾಗ ನೋವು ಅರ್ಧ ಇಳದೈತಿ. (ಇಲ್ಲೇ ಮಂದಿ ಗಡಬಡಿಸಿ 50 ಬಸ್ಕಿಗೆ ಜಿಗಿಯೂದು, ಮತ್ತ ಅದ ನೋವು.)

ಗರಡ್ಯಾಗ ಹಿಮ್ಮಡ ಎತ್ತಿ ಹೊಡಿ ಅಂತಾರ, ಜಿಮ್‌ನ್ಯಾಗ ನೆಲಕ್ಕ ಊರು ಅಂತಾರ. ಎತ್ತಿದ್ರ ಮೊಣಕಾಲ ಮುಂದ ಹೋಗಿ ಚಿಪ್ಪಿಗೆ ಭಾರ ಹೆಚ್ಚು, ಅದು ಗೊತ್ತೈತಿ.

ಫಿಜಿಯೋ ಬಲ್ಲವರು ಹೇಳ್ರಿ: ನೋವು ಪೂರಾ ಹೋಗೂತನಕ ಕುರ್ಚಿ ಎತ್ತರದಾಗ ನಿಲ್ಲಬೇಕೋ, ಸಣ್ಣ ನೋವಿದ್ರೂ ವಾರಕ್ಕಿಷ್ಟು ಅಂತ ಆಳ ಹೆಚ್ಚಿಸಬಹುದೋ?