ಊರಿನ ಕುಡಿಯುವ ನೀರು ಎಲ್ಲಿ ನಿಂತುಹೋಗಬಹುದು ಅಂತ ಹುಡುಕೋದು ಹೇಗೆ?

ಪ್ರಶ್ನೆ (ಪುರಸಭೆಯ ಕಿರಿಯ ಎಂಜಿನಿಯರ್):
ನಮಸ್ಕಾರ ಮೇಡಂ. ನಮ್ಮದು ಸುಮಾರು 30,000 ಜನರ ಊರು. ಹೊಳೆಯ ಪಂಪ್ ಬಾವಿ, ಅಂದರೆ ಜಾಕ್‌ವೆಲ್‌ನಿಂದ ನೀರೆತ್ತಿ, ಶುದ್ಧೀಕರಣ ಘಟಕಕ್ಕೆ ತಂದು, ಅಲ್ಲಿಂದ ಮೂರು ಓವರ್‌ಹೆಡ್ ಟ್ಯಾಂಕ್‌ಗೆ ಏರಿಸುತ್ತೇವೆ. ಈ ವ್ಯವಸ್ಥೆಗೆ ಏನೇನು ಅಪಾಯ ಇದೆ ಅಂತ ವರದಿ ಕೊಡಿ ಎಂದು ಮೇಲಿನಿಂದ ಪತ್ರ ಬಂದಿದೆ. ಜೊತೆಗೆ ಒಂದು ಎಕ್ಸೆಲ್ ಶೀಟ್ ಇದೆ. ಪ್ರವಾಹ, ಬರ, ಭೂಕಂಪ, ಬೆಂಕಿ, ಕಳ್ಳತನ, ಸೈಬರ್ ದಾಳಿ, ಹೀಗೆ ಉದ್ದ ಪಟ್ಟಿ. ಪ್ರತಿಯೊಂದಕ್ಕೂ ಸಾಧ್ಯತೆ 1ರಿಂದ 5, ಪರಿಣಾಮ 1ರಿಂದ 5 ಅಂಕ ಕೊಟ್ಟು ಗುಣಿಸಬೇಕಂತೆ. ತುಂಬಿಸಿದೆ. ಎಲ್ಲಾ 6, 8, 9 ಅಂತ ಬಂದಿವೆ. ಇದರಿಂದ ನನಗೆ ಏನೂ ಗೊತ್ತಾಗಲಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ:
ಶೀಟ್ ಸದ್ಯಕ್ಕೆ ಪಕ್ಕಕ್ಕಿಡಿ. ಪ್ರವಾಹ, ಭೂಕಂಪ ಅಂತ ಅಪಾಯದಿಂದ ಶುರು ಮಾಡಿದರೆ ಎಲ್ಲ ಊರಿನ ವರದಿಯೂ ಒಂದೇ ಥರ ಆಗುತ್ತದೆ. ನೀವು ನಲ್ಲಿಯಿಂದ ಹಿಂದಕ್ಕೆ ಹೊರಡಿ. ನಲ್ಲಿ, ಟ್ಯಾಂಕ್, ಟ್ಯಾಂಕ್‌ಗೆ ಏರುವ ಕೊಳವೆ, ಘಟಕ, ಜಾಕ್‌ವೆಲ್‌ನಿಂದ ಘಟಕಕ್ಕೆ ಬರುವ ರೈಸಿಂಗ್ ಮೇನ್, ಜಾಕ್‌ವೆಲ್, ಕರೆಂಟ್ ಲೈನ್. ಒಂದೊಂದರ ಮುಂದೆ ನಿಂತು ಎರಡು ಪ್ರಶ್ನೆ ಕೇಳಿ. ಇದು ಕೆಟ್ಟರೆ ಊರು ಎಷ್ಟು ಹೊತ್ತು ತಡೆದುಕೊಳ್ಳುತ್ತದೆ? ಇದನ್ನು ಸರಿ ಮಾಡೋಕೆ ಎಷ್ಟು ಹೊತ್ತು ಬೇಕು? ಸರಿ ಮಾಡುವ ಹೊತ್ತು ತಡೆಯುವ ಹೊತ್ತಿಗಿಂತ ಜಾಸ್ತಿ ಇದ್ದರೆ, ಆ ಜಾಗಕ್ಕೆ ಕೆಂಪು ಗುರುತು ಹಾಕಿ. ಅದು ಮಳೆಯಿಂದ ಕೆಟ್ಟಿತೋ ಇಲಿ ಕಡಿದು ಕೆಟ್ಟಿತೋ ಆಮೇಲೆ ನೋಡೋಣ.

ನಿಮ್ಮ ಊರಿನ ಲೆಕ್ಕವನ್ನೇ ಮಾಡೋಣ. ತಲೆಗೆ ದಿನಕ್ಕೆ 135 ಲೀಟರ್ ಅಂತ ಹಿಡಿದರೆ 30,000 ಜನಕ್ಕೆ 40.5 ಲಕ್ಷ ಲೀಟರ್. ನಿಮ್ಮ ಮೂರೂ ಟ್ಯಾಂಕ್ ಸೇರಿ 20 ಲಕ್ಷ ಲೀಟರ್ ಹಿಡಿಯುತ್ತವೆ ಅಂದುಕೊಳ್ಳಿ. ಕಾಗದದ ಮೇಲೆ 12 ಗಂಟೆ ಆಯಿತು. ಆದರೆ ಅದು ಟ್ಯಾಂಕ್ ತುಂಬಿದ್ದಾಗಿನ ಮಾತು. ಬೆಳಿಗ್ಗೆ ನೀರು ಬಿಟ್ಟು ಮುಗಿದ ಮೇಲೆ ಟ್ಯಾಂಕ್‌ನಲ್ಲಿ ಎಷ್ಟು ಅಡಿ ಉಳಿದಿರುತ್ತದೆ ಅಂತ ವಾಲ್ವ್‌ಮನ್‌ನ ಕೇಳಿ. ಒಂದೋ ಎರಡೋ ಅಡಿ ಅಂತಾರೆ. ಆ ಹೊತ್ತಿಗೆ ಮೋಟರ್ ಸುಟ್ಟರೆ ನಿಮ್ಮ ಕೈಯಲ್ಲಿ ಇರೋದು 12 ಗಂಟೆ ಅಲ್ಲ, ಒಂದು ಗಂಟೆ ಇದ್ದರೆ ಹೆಚ್ಚು. ವರದಿಯಲ್ಲಿ ಬರೆಯಬೇಕಾದ ಸಂಖ್ಯೆ ಅದು.

ಪ್ರಶ್ನೆ (ಅದೇ ಎಂಜಿನಿಯರ್):
ಮೇಡಂ, ಇವತ್ತು ಹೋಗಿ ನೋಡಿಬಂದೆ. ಜಾಕ್‌ವೆಲ್‌ನಲ್ಲಿ ಎರಡು ಮೋಟರ್ ಇವೆ. ಒಂದು ಓಡುತ್ತದೆ, ಇನ್ನೊಂದು ಸ್ಟ್ಯಾಂಡ್‌ಬೈ. ಹಾಗಾಗಿ ಮೋಟರ್ ವಿಷಯದಲ್ಲಿ ಕೆಂಪು ಗುರುತು ಬೇಡ ಅಲ್ವಾ? ಪ್ಯಾನಲ್ ಬೋರ್ಡ್ ಮತ್ತು ಲೈನ್ ನಕ್ಷೆಯ ಫೋಟೋ ಇಲ್ಲಿ ಹಾಕಿದ್ದೇನೆ, ನೋಡಿ ಹೇಳಿ.

ಉತ್ತರ:
ಮೊದಲು ಆ ಫೋಟೋ ಅಳಿಸಿಬಿಡಿ. ನಾವು ಪ್ರಶ್ನೋತ್ತರ ನಡೆಸುತ್ತಿರುವ ಈ ಗುಂಪಿನಲ್ಲಿ ಯಾರ‍್ಯಾರು ಇದ್ದಾರೆ ನಮಗೆ ಗೊತ್ತಿಲ್ಲ. ಎಲ್ಲಿ ಹೊಡೆದರೆ ಊರಿನ ನೀರು ನಿಲ್ಲುತ್ತದೆ ಅಂತ ತೋರಿಸುವ ನಕ್ಷೆ ಅದು. ವರದಿ ತಯಾರಾದ ಮೇಲೂ ಅಷ್ಟೇ. ಕೆಂಪು ಗುರುತಿನ ಪುಟಗಳು ಸಂಬಂಧಪಟ್ಟವರ ಕೈಯಲ್ಲಿ ಮಾತ್ರ ಇರಲಿ.

ನೋಡಿದ್ದರಿಂದ ಹೇಳುತ್ತೇನೆ, ಸಾಮಾನ್ಯ ಮಾತಾಗಿ ತಗೊಳ್ಳಿ. ಎರಡು ಮೋಟರ್ ಇದ್ದ ಮಾತ್ರಕ್ಕೆ ಎರಡು ದಾರಿ ಇವೆ ಅಂತ ಅಲ್ಲ. ಎರಡಕ್ಕೂ ಒಂದೇ ಪ್ಯಾನಲ್, ಒಂದೇ ಟಿಸಿ (ಟ್ರಾನ್ಸ್‌ಫಾರ್ಮರ್), ಒಂದೇ 11 ಕೆವಿ ಫೀಡರ್ ಇದ್ದರೆ ಕರೆಂಟ್ ಕಡೆಯಿಂದ ಅವು ಒಂದೇ ಮೋಟರ್ ಇದ್ದ ಹಾಗೆ. ಸ್ಟ್ಯಾಂಡ್‌ಬೈ ಮೋಟರ್ ಕೊನೆಗೆ ಯಾವಾಗ ಓಡಿಸಿದ್ದರು ಅಂತ ಲಾಗ್ ಪುಸ್ತಕದಲ್ಲಿ ನೋಡಿ. ತಿಂಗಳುಗಟ್ಟಲೆ ಓಡಿಸದೆ ಇಟ್ಟ ಮೋಟರನ್ನು ಇದೆ ಅಂತ ಲೆಕ್ಕಕ್ಕೆ ತಗೋಬೇಡಿ. ರಿವೈಂಡಿಂಗ್‌ಗೆ ಹೋಗಿರುವ ಮೋಟರಂತೂ ಪೂರ್ತಿ ಇಲ್ಲ ಅಂತಲೇ ಬರೆಯಿರಿ.

ಬದಲಿ ದಾರಿಯನ್ನು ರಿಪೇರಿಗೆ ಅಂತ ನಿಲ್ಲಿಸಿದಾಗಲೇ ಅಪಾಯ ಬರುತ್ತದೆ. 2012ರ ಜುಲೈ 30ರ ಬೆಳಗಿನ ಜಾವ ಉತ್ತರ ಭಾರತದ ಗ್ರಿಡ್ (ವಿದ್ಯುತ್ ಜಾಲ) ಪೂರ್ತಿ ಬಿದ್ದಿತಲ್ಲ, ಅದರಲ್ಲಿ ಮೊದಲು ಟ್ರಿಪ್ ಆದದ್ದು ಬೀನಾ–ಗ್ವಾಲಿಯರ್ ನಡುವಿನ 400 ಕೆವಿ ಲೈನ್. ಅದರ ಜೋಡಿ ಲೈನನ್ನು 765 ಕೆವಿಗೆ ಏರಿಸುವ ಕೆಲಸಕ್ಕಾಗಿ ಮೊದಲೇ ನಿಲ್ಲಿಸಿದ್ದರು. ಎಲ್ಲ ಭಾರ ಉಳಿದ ಲೈನ್ ಮೇಲೆ ಬಿದ್ದಿತ್ತು. ಮರುದಿನ ಮಧ್ಯಾಹ್ನ ಮತ್ತೆ ಬಿತ್ತು. ಆ ಸಲ ಪೂರ್ವ ಮತ್ತು ಈಶಾನ್ಯ ಭಾರತದ ಗ್ರಿಡ್‌ಗಳೂ ಜೊತೆಗೆ ಬಿದ್ದವು. 60 ಕೋಟಿಗೂ ಹೆಚ್ಚು ಜನ ಇರುವ ಪ್ರದೇಶ ಅದು. ಅದಕ್ಕೇ ನಿಮ್ಮ ಪಟ್ಟಿಯಲ್ಲಿ 'ಬದಲಿ ಇದೆಯಾ' ಅನ್ನುವ ಕಾಲಂ ಸಾಲದು. 'ಇವತ್ತು ಇದೆಯಾ' ಅನ್ನುವುದೂ ಬೇಕು.

ಪ್ರಶ್ನೆ (ರೈತರು, ಸಿಂಧನೂರು ಕಡೆ):
ಮೇಡಂ, ನಾವು ತುಂಗಭದ್ರಾ ಎಡದಂಡೆ ಕಾಲುವೆಯವರು. 2024ರಲ್ಲಿ ಅಣೆಕಟ್ಟಿನ ಗೇಟ್ ಕಿತ್ತುಹೋದಾಗ ನಾವು ನಿದ್ದೆ ಮಾಡಿಲ್ಲ. ನೀವು ಹೇಳುವ ಈ ಲೆಕ್ಕ ಅಲ್ಲಿ ಹಾಕಿದ್ದರೆ ಮೊದಲೇ ತಿಳಿಯುತ್ತಿತ್ತಾ?

ಉತ್ತರ:
ಯಾವ ರಾತ್ರಿ ಯಾವ ಕೊಂಡಿ ತುಂಡಾಗುತ್ತದೆ ಅಂತ ಯಾವ ಲೆಕ್ಕವೂ ಹೇಳುವುದಿಲ್ಲ ಅಣ್ಣಾ. ಆದರೆ ತುಂಡಾದರೆ ನಮ್ಮ ಕೈಯಲ್ಲಿ ಏನಿದೆ ಅನ್ನುವುದು ಮೊದಲೇ ತಿಳಿಯುವ ವಿಷಯ.

ಅಲ್ಲಿ ಆದದ್ದನ್ನು ಬಿಡಿಸಿ ನೋಡೋಣ. ಆಗಸ್ಟ್ 10ರ ರಾತ್ರಿ 19ನೇ ಗೇಟ್‌ನ ಚೈನ್ ತುಂಡಾಯಿತು. 33 ಗೇಟ್‌ಗಳಲ್ಲಿ ಒಂದು. 60 ಅಡಿ ಅಗಲ, 20 ಅಡಿ ಎತ್ತರದ ಗೇಟ್ ಅದು. ಜಲಾಶಯದಲ್ಲಿ 105 ಟಿಎಂಸಿ ನೀರಿತ್ತು, ಹೆಚ್ಚುಕಡಿಮೆ ಭರ್ತಿ. ಆ ಒಂದು ಕಿಂಡಿಯಿಂದಲೇ ಸುಮಾರು 35,000 ಕ್ಯುಸೆಕ್ ಹೋಗತೊಡಗಿತು. ಸಾಮಾನ್ಯವಾಗಿ ಇಂಥ ಗೇಟ್‌ನ ಮುಂದೆ ಸ್ಟಾಪ್‌ಲಾಗ್ ಇಳಿಸುವ ಏರ್ಪಾಡು ಇರುತ್ತದೆ. ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ನೀರು ತಡೆದು, ಹಿಂದೆ ನಿಂತು ಗೇಟ್ ರಿಪೇರಿ ಮಾಡಬಹುದು. 1953ರ ಹೊತ್ತಿಗೆ ಕಟ್ಟಿ ಮುಗಿದ ಈ ಅಣೆಕಟ್ಟಿನ ಗೇಟ್‌ಗಳಿಗೆ ಆ ಏರ್ಪಾಡು ಇರಲಿಲ್ಲ. ಹಾಗಾಗಿ ಬೇರೆ ಗೇಟ್‌ಗಳನ್ನೂ ತೆರೆದು ನೀರು ಇಳಿಸಬೇಕಾಯಿತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಹಲಗೆಗಳನ್ನು ಇಳಿಸಿದರು. ಒಂದು ವಾರದಲ್ಲಿ ಮುಗಿಸಿದರು. ಅಲ್ಲಿ ಕೆಲಸ ಮಾಡಿದವರ ಧೈರ್ಯ ಎಂಥದ್ದು ಅಂತ ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಆದರೆ ವ್ಯವಸ್ಥೆ ಅಷ್ಟು ಧೈರ್ಯದ ಮೇಲೆ ನಿಲ್ಲಬಾರದು.

ಸುಳಿವು ಇರಲಿಲ್ಲ ಅಂತಲೂ ಹೇಳಲಾರೆ. 2022ರ ಸೆಪ್ಟೆಂಬರ್‌ನಲ್ಲಿ ಕೇರಳದ ಪರಂಬಿಕುಳಂ ಅಣೆಕಟ್ಟಿನ ಮೂರು ಗೇಟ್‌ಗಳಲ್ಲಿ ಒಂದು ಹೀಗೇ ಕಿತ್ತುಹೋಗಿತ್ತು. ಒಂದು ಕಡೆ ಆದದ್ದನ್ನು ನೋಡಿ, ನಮ್ಮಲ್ಲೂ ಇದೇ ಥರದ್ದು ಇದೆಯಾ ಅಂತ ಕೇಳಿಕೊಳ್ಳುವುದೂ ಅಪಾಯದ ಲೆಕ್ಕವೇ. ತುಂಗಭದ್ರೆಯ 33 ಗೇಟ್‌ಗಳನ್ನೂ ಬದಲಿಸಬೇಕು ಅಂತ ಆಮೇಲೆ ತಜ್ಞರ ಸಮಿತಿ ಹೇಳಿತು. 2025ರಲ್ಲಿ 80 ಟಿಎಂಸಿವರೆಗೆ ಮಾತ್ರ ನೀರು ತುಂಬಿಸಿದರು. ಅದರ ಬಿಸಿ ನಿಮಗೇ ತಟ್ಟಿದೆ.

ಪುರಸಭೆಯ ತಮ್ಮನಿಗೂ ಇದರಲ್ಲಿ ಎರಡು ಮಾತಿವೆ. ಒಂದು, ನಿಮ್ಮ ಗುಣಾಕಾರದ್ದು. ಅಪರೂಪದ ದೊಡ್ಡ ಅನಾಹುತಕ್ಕೆ 1×5=5. ದಿನಾ ಸೋರುವ ನಲ್ಲಿಗೆ 5×1=5. ಎರಡೂ ಒಂದೇ ಸಾಲಿನಲ್ಲಿ ಕೂರುತ್ತವೆ. ಪರಿಣಾಮಕ್ಕೆ 5 ಬಿದ್ದದ್ದನ್ನೆಲ್ಲ ಗುಣಿಸದೆ ಬೇರೆ ಹಾಳೆಗೆ ತೆಗೆಯಿರಿ. ಎರಡು, ಕೆಟ್ಟ ಭಾಗವನ್ನು ಬೇರ್ಪಡಿಸೋಕೆ ದಾರಿ ಇದೆಯಾ ಅಂತ ನೋಡಿ. ನಿಮ್ಮ ರೈಸಿಂಗ್ ಮೇನ್‌ನಲ್ಲಿ ಸ್ಲೂಯಿಸ್ ವಾಲ್ವ್‌ಗಳು ಎಲ್ಲೆಲ್ಲಿವೆ? ಛೇಂಬರ್ ಮುಚ್ಚಳ ತೆಗೆದು ಒಂದೊಂದನ್ನೂ ತಿರುಗಿಸಿ ನೋಡಿ. ವರ್ಷಗಟ್ಟಲೆ ಮುಟ್ಟದ ವಾಲ್ವ್ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ರಸ್ತೆ ಅಗಲ ಮಾಡುವಾಗ ಛೇಂಬರ್ ಡಾಂಬರಿನ ಕೆಳಗೆ ಹೋಗಿರುವುದೂ ಉಂಟು. ನಕ್ಷೆಯಲ್ಲಿ ವಾಲ್ವ್ ಇದೆ, ನೆಲದಲ್ಲಿ ಇಲ್ಲ ಅಂದರೆ ಪೈಪ್ ಒಡೆದ ದಿನ ಇಡೀ ಲೈನ್ ಖಾಲಿ ಮಾಡಬೇಕಾಗುತ್ತದೆ.

ಪ್ರಶ್ನೆ (ಅದೇ ಎಂಜಿನಿಯರ್):
ವಾಲ್ವ್ ನೋಡಿಸುತ್ತೇನೆ ಮೇಡಂ. ಪ್ರವಾಹದ ಬಗ್ಗೆ ಒಂದು ಮಾತು. ಪ್ಯಾನಲ್ ರೂಮ್ ಹೊಳೆಯ ಪಕ್ಕದಲ್ಲೇ ಇದೆ. ಹೊಸ ಡಿಜಿ ಸೆಟ್ (ಡೀಸೆಲ್ ಜನರೇಟರ್) ಮಂಜೂರಾಗಿದೆ. ಅದನ್ನೂ ಅಲ್ಲೇ ಪಕ್ಕದ ಶೆಡ್‌ನಲ್ಲಿ ಇಡೋಣ ಅಂತ ಗುತ್ತಿಗೆದಾರರು ಹೇಳುತ್ತಿದ್ದಾರೆ.

ಉತ್ತರ:
ಇಡಬೇಡಿ. ದಯವಿಟ್ಟು ಇಡಬೇಡಿ.

2022ರ ಸೆಪ್ಟೆಂಬರ್ ಮೊದಲ ವಾರದ ಮಳೆ ನೆನಪಿದೆಯಾ? ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪ್‌ಹೌಸ್‌ಗೆ ನೀರು ನುಗ್ಗಿತು. ನಾವೆಲ್ಲ ಟಿ.ಕೆ. ಹಳ್ಳಿ ಅನ್ನುತ್ತೇವಲ್ಲ, ಅದೇ. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ. ಟಿ.ಕೆ. ಹಳ್ಳಿ, ಹಾರೋಹಳ್ಳಿ, ತಾತಗುಣಿ, ಮೂರು ಕಡೆ ಪಂಪ್ ಮಾಡಿ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸಬೇಕು. ಮೊದಲ ಮೆಟ್ಟಿಲಿನಲ್ಲಿ ಮೋಟರ್ ಮುಳುಗಿದರೆ ಮೇಲಿನ ಎರಡು ಚೆನ್ನಾಗಿದ್ದೂ ಪ್ರಯೋಜನವಿಲ್ಲ. ಬೆಂಗಳೂರಿನ ಎಷ್ಟೋ ಬಡಾವಣೆಗೆ ನೀರು ಬರಲಿಲ್ಲ. ಅದೇ ವಾರ ನಗರದ ಹೊರವರ್ತುಲ ರಸ್ತೆ ಕಡೆ ಮನೆಯೊಳಗೆ ನೀರು ನಿಂತಿತ್ತು.

ಜಪಾನಿನ ಫುಕುಶಿಮಾ ಅಣು ವಿದ್ಯುತ್ ಸ್ಥಾವರದಲ್ಲಿ 2011ರ ಮಾರ್ಚ್ 11ರಂದು ಕಂಡದ್ದೂ ಇದೇ. ಭೂಕಂಪಕ್ಕೆ ಹೊರಗಿನ ಕರೆಂಟ್ ಹೋಯಿತು, ಡೀಸೆಲ್ ಜನರೇಟರ್‌ಗಳು ಸರಿಯಾಗಿ ಶುರುವಾದವು. ಮುಕ್ಕಾಲು ಗಂಟೆ ಕಳೆದ ಮೇಲೆ ಸುನಾಮಿ ಬಂತು. ನೆಲಮಾಳಿಗೆಯಲ್ಲಿದ್ದ ಜನರೇಟರ್, ಪ್ಯಾನಲ್ ಹೆಚ್ಚಿನವು ಮುಳುಗಿದವು. 6ನೇ ಘಟಕದ ಒಂದು ಜನರೇಟರ್ ಮಾತ್ರ ಓಡುತ್ತಲೇ ಇತ್ತು. ಅದು ಬೇರೆ ಕಟ್ಟಡದಲ್ಲಿ, ಎತ್ತರದಲ್ಲಿತ್ತು. ಅದನ್ನು ತಂಪು ಮಾಡೋಕೆ ಸಮುದ್ರದ ನೀರೂ ಬೇಕಿರಲಿಲ್ಲ, ಗಾಳಿ ಸಾಕಿತ್ತು. ಆ ಒಂದರಿಂದ 5 ಮತ್ತು 6ನೇ ಘಟಕ ಎರಡೂ ಉಳಿದವು.

ಹಾಗಾಗಿ ಊರಿನ ಹಿರಿಯರನ್ನು ಕರೆದುಕೊಂಡು ಹೋಗಿ, ಹೊಳೆ ಎಲ್ಲಿವರೆಗೆ ಬಂದಿತ್ತು ಅಂತ ಗೋಡೆಯ ಮೇಲೆ ಗುರುತು ಹಾಕಿಸಿ. 2019ರ ಆಗಸ್ಟ್ ನೆರೆ ಎಲ್ಲರಿಗೂ ನೆನಪಿರುತ್ತದೆ. ಆ ಗುರುತಿನಿಂದ ಪ್ಯಾನಲ್‌ನ ತಳಕ್ಕೆ ಎಷ್ಟು ಅಂತರ ಇದೆ ಅಂತ ಟೇಪ್ ಹಿಡಿದು ಅಳೆಯಿರಿ. ಆ ನೆರೆ ಗುರುತಿಗಿಂತ ಮೇಲೆ ಡಿಜಿ ಸೆಟ್ ಇರಲಿ. ಕೇಬಲ್ ಉದ್ದ ಆಗುತ್ತದೆ, ಖರ್ಚು ಸ್ವಲ್ಪ ಜಾಸ್ತಿ ಬರುತ್ತದೆ. ಬರಲಿ.

ಪ್ರಶ್ನೆ (ತಾಲ್ಲೂಕು ಆಸ್ಪತ್ರೆಯ ಶುಶ್ರೂಷಾಧಿಕಾರಿ):
ನಮ್ಮಲ್ಲಿ ಜನರೇಟರ್ ಇದೆ, ಎತ್ತರದಲ್ಲೇ ಇದೆ. ವಾರಕ್ಕೊಮ್ಮೆ ಐದು ನಿಮಿಷ ಆನ್ ಮಾಡುತ್ತಾರೆ. ಸಾಕಾ ಮೇಡಂ?

ಉತ್ತರ:
ಸಾಲದು ಸಿಸ್ಟರ್. ಖಾಲಿ ಓಡಿಸಿದರೆ ಬ್ಯಾಟರಿ ಚೆನ್ನಾಗಿದೆ ಅಂತ ಮಾತ್ರ ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ನಿಜವಾದ ಲೋಡ್ ಕೊಟ್ಟು ಅರ್ಧ ಗಂಟೆಯಾದರೂ ಓಡಿಸಬೇಕು. ಹೆರಿಗೆ ಕೋಣೆ, ಆಕ್ಸಿಜನ್, ಲಸಿಕೆ ಫ್ರಿಜ್ ಇವು ಅದರ ಲೈನ್‌ನಲ್ಲಿ ಇವೆಯಾ ಅಂತ ಆಗಲೇ ತಿಳಿಯೋದು. ಡೀಸೆಲ್ ಎಷ್ಟು ಗಂಟೆಗಿದೆ ಅಂತ ಬರೆದಿಡಿ. ಮುಗಿದರೆ ಬಂಕ್‌ನಿಂದ ತರ್ತೀವಿ ಅಂತಾರೆ. ಬಂಕ್‌ನ ಪಂಪ್ ಕೂಡ ಕರೆಂಟ್‌ನಲ್ಲೇ ಓಡೋದು. ಮೊಬೈಲ್ ಟವರ್‌ನ ಬ್ಯಾಟರಿ ಕೆಲವು ಗಂಟೆ ಮಾತ್ರ ಬರುತ್ತದೆ, ಹಾಗಾಗಿ ಯಾರಿಗೂ ಫೋನ್ ಹೋಗದ ಹೊತ್ತೂ ಬರಬಹುದು. ಒಂದು ಇಲಾಖೆ ಇನ್ನೊಂದನ್ನು ನಂಬಿಕೊಂಡಿರುವ ಇಂಥ ಕಡೆಗಳು ಯಾರ ವರದಿಯಲ್ಲೂ ಬರೋದಿಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ದುರ್ಬಲ ಜಾಗ ಅದೇ.

ಪ್ರಶ್ನೆ (ವಿದ್ಯಾರ್ಥಿ):
2012ರಲ್ಲಿ ಉತ್ತರದ ಗ್ರಿಡ್ ಬಿದ್ದಾಗ ನಮ್ಮ ಕಡೆ ಕರೆಂಟ್ ಹೋಗಿರಲಿಲ್ಲ. ಹಾಗಾದರೆ ಒಂಟಿಯಾಗಿದ್ದರೇ ಒಳ್ಳೆಯದಾ?

ಉತ್ತರ:
ಆಗ ದಕ್ಷಿಣದ ಗ್ರಿಡ್ ಉಳಿದ ಭಾರತದ ಜೊತೆ ಒಂದೇ ತಾಳದಲ್ಲಿ ಓಡುತ್ತಿರಲಿಲ್ಲ. ತಾಲ್ಚೇರ್–ಕೋಲಾರದಂಥ ಡಿಸಿ (ನೇರ ವಿದ್ಯುತ್) ಲೈನ್‌ಗಳ ಮೂಲಕ ಮಾತ್ರ ವಿದ್ಯುತ್ ಬರುತ್ತಿತ್ತು. ಅದರಿಂದ ಆ ಕುಸಿತ ನಮ್ಮವರೆಗೆ ಬರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಶುರುವಾದ ಮೇಲೆ ಇಡೀ ದೇಶ ಒಂದೇ ಗ್ರಿಡ್ ಆಯಿತು. ಈಗ ನಮ್ಮಲ್ಲಿ ಕೊರತೆ ಬಿದ್ದರೆ ಉತ್ತರದಿಂದ ಬರುತ್ತದೆ. ಅಲ್ಲಿನ ತೊಂದರೆಯೂ ಅದೇ ದಾರಿಯಲ್ಲಿ ಬರಬಹುದು. ಬೆಸೆಯೋದು ತಪ್ಪಲ್ಲ. ಬೇಕಾದಾಗ ಕತ್ತರಿಸಿಕೊಳ್ಳುವ ಏರ್ಪಾಡೂ ಇರಬೇಕು.

ಪ್ರಶ್ನೆ (ಅದೇ ಎಂಜಿನಿಯರ್):
ಕೊನೆಯದು ಮೇಡಂ. ಸೈಬರ್ ದಾಳಿ ಕಾಲಂಗೆ ಏನು ಬರೆಯಲಿ? ನಮ್ಮಲ್ಲಿ ಪಂಪ್ ಆನ್‌-ಆಫ್ ಮೊಬೈಲ್ ಆ್ಯಪ್‌ನಲ್ಲಿದೆ. ಮುಖ್ಯಾಧಿಕಾರಿಗಳು ಒಂದೇ ಪುಟದಲ್ಲಿ ಕೊಡಿ ಅಂತಾರೆ.

ಉತ್ತರ:
ಆ್ಯಪ್‌ನ ಪಾಸ್‌ವರ್ಡ್ ಯಾರ‍್ಯಾರ ಹತ್ತಿರ ಇದೆ, ಕೆಲಸ ಬಿಟ್ಟು ಹೋದವರ ಫೋನ್‌ನಲ್ಲಿ ಇನ್ನೂ ಇದೆಯಾ, ಅದನ್ನು ಮೊದಲು ಬರೆಯಿರಿ. ಆಮೇಲೆ ಆ್ಯಪ್ ಪೂರ್ತಿ ಬಂದ್ ಮಾಡಿ ಒಂದು ದಿನ ಕೈಯಲ್ಲೇ ಪಂಪ್ ಓಡಿಸಿ ನೋಡಿ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ದಾಳಿ ಆದಾಗ ಚೀಟಿ, ರಿಪೋರ್ಟ್ ಎಲ್ಲ ಕೈಬರಹದಲ್ಲೇ ನಡೆಸಬೇಕಾಯಿತು. ಕೈಯಲ್ಲಿ ನಡೆಸೋದು ಗೊತ್ತಿರುವ ಹಳೆಯ ಪಂಪ್ ಆಪರೇಟರ್ ನಿವೃತ್ತಿ ಆಗುವ ಮೊದಲು ಹೊಸಬರಿಗೆ ಕಲಿಸಲಿ. ದಾಳಿ ಆದರೆ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅನ್ನುವ ನಿಯಮ 2022ರಿಂದ ಇದೆ, ಅದನ್ನು ಗೋಡೆಯ ಮೇಲೆ ಅಂಟಿಸಿ.

ಒಂದು ಪುಟಕ್ಕೆ ಅಂಕಗಳ ಶೀಟ್ ಬೇಡ. ಅದು ಹಿಂದೆ ಲಗತ್ತಾಗಿ ಹೋಗಲಿ. ಮುಂದಿನ ಪುಟದಲ್ಲಿ ಕೆಂಪು ಗುರುತು ಬಿದ್ದ ಜಾಗಗಳು ಮಾತ್ರ ಇರಲಿ. ಒಂದೊಂದಕ್ಕೂ ತಡೆಯುವ ಹೊತ್ತು, ಸರಿ ಮಾಡುವ ಹೊತ್ತು, ಅಂತರ ಮುಚ್ಚೋಕೆ ಎಷ್ಟು ಹಣ ಅಂತ ಬರೆಯಿರಿ. ವಾಲ್ವ್ ತಿರುಗಿಸೋದು, ಸ್ಟ್ಯಾಂಡ್‌ಬೈ ಮೋಟರ್ ವಾರಕ್ಕೊಮ್ಮೆ ಓಡಿಸೋದು, ಇಂಥ ಹಣ ಬೇಡದ ಕೆಲಸಗಳನ್ನು ಮೇಲೆ ಹಾಕಿ, ನಾಳೆಯೇ ಶುರು ಮಾಡಬಹುದು. ನೆರೆ ಗುರುತಿನ ಅಳತೆ ಸಿಕ್ಕ ಮೇಲೆ ನನಗೆ ಖಾಸಗಿಯಾಗಿ ಕಳಿಸಿ, ಡಿಜಿ ಸೆಟ್ ಎಲ್ಲಿಡಬೇಕು ಅಂತ ಕೂತು ನೋಡೋಣ. ಗುತ್ತಿಗೆದಾರರು ಶೆಡ್‌ನ ಪಾಯ ತೋಡುವ ಮೊದಲು ಕಳಿಸಿ.